ಕುಲಪತಿ ಅಂದ್ರೆ ಯಾರು? ಮಾರ್ಕೆಟ್ ಯಾರ್ಡ್‌ನಲ್ಲಿ ಒಬ್ಬ ಕಾಕಾ ಕೇಳಿದ ಪ್ರಶ್ನೆ

ಈ ಸಲದ ಮಾತು ರೆಕಾರ್ಡ್ ಆಗಿದ್ದು ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ, ಒಂದು ಚಹಾ ಗಾಡಿ ಪಕ್ಕ. ಹಿಂದೆ ಲಾರಿ ಹಾರ್ನು, ಹಮಾಲರ ಕೂಗು ಎಲ್ಲಾ ಸೇರಿ ಅರ್ಧ ಮಾತು ಕೇಳಿಸ್ತಾನೇ ಇಲ್ಲ ಅಂತ ಎಡಿಟ್ ಮಾಡೋವಾಗ ಗೊತ್ತಾಯ್ತು. ಅದಕ್ಕೆ ಪೂರ್ತಿ ಬರೆದು ಹಾಕ್ತಿದ್ದೀನಿ. ಅಲ್ಲಿ ಅವಸರದಲ್ಲಿ ಬಿಟ್ಟುಹೋದ ಕೆಲವು ವಿಷಯ ಕೂಡ ಇಲ್ಲಿ ಸೇರಿಸಿದ್ದೀನಿ.

ನಾನು ಅಲ್ಲಿಗೆ ಹೋಗಿದ್ದು ಇತಿಹಾಸ ಹುಡುಕೋಕೆ ಅಲ್ಲ. ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ಊಟಕ್ಕೆ ಈರುಳ್ಳಿ, ಆಲೂಗಡ್ಡೆ, ಅಕ್ಕಿ ಬೇಕಿತ್ತು. ಇನ್ನೂರು ಜನರ ಅಡುಗೆಗೆ ಹಿಂಜವಡಿಯ ಸೂಪರ್ ಮಾರ್ಕೆಟ್‌ನಲ್ಲಿ ತಗೊಂಡ್ರೆ ಬಳಗದ ದುಡ್ಡೆಲ್ಲಾ ಅಲ್ಲೇ ಮುಗಿಯುತ್ತೆ. ಬೆಳಗಿನ ಜಾವ ಹೊರಟೆ. ಯೂನಿವರ್ಸಿಟಿ ಸರ್ಕಲ್ ಖಾಲಿ ಇದ್ದಿದ್ದನ್ನ ಜೀವನದಲ್ಲಿ ಮೊದಲ ಸಲ ನೋಡಿದೆ. ಗುಲ್ಟೆಕಡಿ ಮುಟ್ಟೋ ಹೊತ್ತಿಗೆ ಅಲ್ಲಿ ಆಗಲೇ ಮಧ್ಯಾಹ್ನದ ಗದ್ದಲ.

ಚೀಲ ಹೊರಿಸಿಕೊಂಡು ಹೋಗೋವಾಗ ನಾನು ಫೋನಲ್ಲಿ ಕನ್ನಡ ಮಾತಾಡ್ತಿದ್ದೆ. ಚೀಲ ಹೊತ್ತಿದ್ದ ಹಿರಿಯರು ಗಾಡಿ ಹತ್ರ ಇಳಿಸಿ, ಬೆವರು ಒರೆಸಿಕೊಂಡು ಕೇಳಿದ್ರು: “ಏನ್ರೀ ಸರ, ಕನ್ನಡದವರೇನು?”

“ಹೌದು ಕಾಕಾ, ತುಮಕೂರು ಕಡೆ.”

“ನಮ್ದು ಅಕ್ಕಲಕೋಟ ಕಡೆ ಹಳ್ಳಿರಿ. ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ. ಇಲ್ಲಿಗಿ ಬಂದು ಇಪ್ಪತ್ತೆಂಟು ವರ್ಷ ಆತು.”

ಚಹಾ ಹೇಳಿದೆ. ಕಂಪನಿಯಲ್ಲಿ ಕೆಲಸ ಅಂದೆ. ಇತಿಹಾಸದ ಬಗ್ಗೆ ವಿಡಿಯೊ ಮಾಡ್ತೀನಿ ಅಂತಾನೂ ಅಂದೆ. ಅಷ್ಟಕ್ಕೇ ಅವರು ನನ್ನನ್ನ ದೊಡ್ಡ ವಿದ್ವಾಂಸ ಅಂದ್ಕೊಂಡ್ರು ಅನ್ಸುತ್ತೆ.

“ಹಂಗಾದ್ರ ಒಂದು ಕೇಳ್ತೀನ್ರಿ. ನಮ್ಮ ಮಗಳು ಎಂ.ಎಸ್ಸಿ. ಮುಗಿಸ್ಯಾಳ. ಮಾರ್ಕ್ಸ್ ಕಾರ್ಡ್ ಬಂದಾವ. ಡಿಗ್ರಿ ಸರ್ಟಿಫಿಕೇಟ್ ಬಂದಿಲ್ಲ. ಕೇಳಿದ್ರ, ವಿಸಿ ಸಾಹೇಬ್ರು ರಿಟೈರ್ ಆಗ್ಯಾರ, ಹೊಸಾವ್ರು ಬಂದಿಲ್ಲ, ಪದವಿ ಕೊಡೂ ಕಾರ್ಯಕ್ರಮ ಮುಂದ ಹೋಗೇತಿ ಅಂತಾರ. ವರ್ಷ ಆಗ್ಲಿಕ್ಕ ಬಂತು. ಈ ವಿಸಿ ಅಂದ್ರ ಯಾರ್ರಿ? ಇಲ್ಲಿ ನೋಡ್ರಿ, ಮಾಲು ಬೆಳ್ಯಾಂವ ಒಬ್ಬ, ಮಾರಸಾಂವ ಅಡತಿಯಾಂವ, ತೂಗಾಂವ ಮತ್ತೊಬ್ಬ, ಹೊರಾಂವ ನಾನು. ಯಾರ ಕೆಲಸ ಏನು ಅಂತ ಗೊತ್ತೈತಿ. ಅವ್ರ ಕೆಲಸ ಯಾವ್ದು? ಬೆಳ್ಯಾಂವೋ, ತೂಗಾಂವೋ?”

ನಾನು ಏನೋ ಹೇಳೋಕೆ ಹೋಗಿ ನಿಲ್ಲಿಸಿದೆ. ಹನ್ನೆರಡು ವರ್ಷದಿಂದ ನನ್ನ ಡಿಗ್ರಿ ಸರ್ಟಿಫಿಕೇಟ್ ಲ್ಯಾಮಿನೇಟ್ ಆಗಿ ಬೀರುವಿನಲ್ಲಿದೆ. ಅದರ ಕೆಳಗಿನ ಸಹಿ ಯಾರದು, ಅವರು ಮಾಡ್ತಿದ್ದ ಕೆಲಸ ಏನು, ಆ ಕುರ್ಚಿಗೆ ಏನು ಓದಿರಬೇಕು ಅಂತ ಒಂದು ದಿನಾನೂ ಯೋಚಿಸಿರಲಿಲ್ಲ. ಆದರೆ ಕಾಕಾ ಕೇಳಿದ ಪ್ರಶ್ನೆಯಲ್ಲೇ ಈ ಹುದ್ದೆಯ ನೂರೈವತ್ತಕ್ಕೂ ಹೆಚ್ಚು ವರ್ಷದ ಕಥೆ ಇದೆ. ಅದನ್ನೇ ಇವತ್ತು ಹೇಳ್ತೀನಿ.

ಮೊದಲು ಹೆಸರಿನ ಗೊಂದಲ

ಪುಣೆಯಲ್ಲಿರೋ ಕನ್ನಡಿಗರು ಇದರಲ್ಲಿ ಖಂಡಿತ ಎಡವಿರ್ತೀರಿ. ಕನ್ನಡ ಪೇಪರ್‌ನಲ್ಲಿ ‘ಕುಲಪತಿ’ ಅಂದ್ರೆ ವೈಸ್ ಚಾನ್ಸಲರ್. ಮರಾಠಿ ಪೇಪರ್‌ನಲ್ಲಿ ‘ಕುಲಪತಿ’ ಅಂದ್ರೆ ಚಾನ್ಸಲರ್, ಅಂದ್ರೆ ರಾಜ್ಯಪಾಲರು. ವೈಸ್ ಚಾನ್ಸಲರ್‌ಗೆ ಅವರು ‘ಕುಲಗುರು’ ಅಂತಾರೆ. ಒಂದೇ ಪದ, ಗಡಿ ದಾಟಿದ ಕೂಡಲೇ ಒಂದು ಮೆಟ್ಟಿಲು ಮೇಲೆ ಹೋಗುತ್ತೆ.

ನಮ್ಮಲ್ಲೂ ಮೊದಲು ‘ಉಪಕುಲಪತಿ’ ಅಂತಲೇ ಬರೀತಿದ್ರು. ನಮ್ಮ ಅಪ್ಪನ ಕಾಲದವರು ಈಗಲೂ ಹಾಗೇ ಅಂತಾರೆ. ಆಮೇಲೆ ‘ಉಪ’ ಬಿದ್ದುಹೋಗಿ ಕುಲಪತಿ ಉಳೀತು, ರಾಜ್ಯಪಾಲರು ‘ಕುಲಾಧಿಪತಿ’ ಆದ್ರು. ಆ ‘ಉಪ’ ಬಿದ್ದಿದ್ದು ನ್ಯಾಯವೇ. ಯಾಕಂದ್ರೆ ಇವರು ಯಾರ ಕೈಕೆಳಗಿನ ಡೆಪ್ಯುಟಿಯೂ ಅಲ್ಲ. ಕುಲಾಧಿಪತಿ ಘಟಿಕೋತ್ಸವಕ್ಕೆ ಬರ್ತಾರೆ, ನೇಮಕದ ಆದೇಶಕ್ಕೆ ಸಹಿ ಹಾಕ್ತಾರೆ. ದಿನದಿನದ ವಿಶ್ವವಿದ್ಯಾಲಯ ನಡೆಸೋದು ಕುಲಪತಿ.

ಅಮೆರಿಕದಲ್ಲಿ ಓದಿದ ನಿಮ್ಮ ಸ್ನೇಹಿತರನ್ನ ಕೇಳಿದ್ರೆ ಅಲ್ಲಿ ‘ಪ್ರೊವೋಸ್ಟ್’ ಅಂತ ಒಬ್ಬರು ಇರ್ತಾರೆ ಅಂತಾರೆ. ಅಲ್ಲಿ ಪ್ರೆಸಿಡೆಂಟ್ ಹೊರಗಿನ ಕೆಲಸ ನೋಡ್ಕೋತಾರೆ: ದುಡ್ಡು ತರೋದು, ಸರ್ಕಾರ, ದಾನಿಗಳು. ಪ್ರೊವೋಸ್ಟ್ ಒಳಗಿನದು: ಪಾಠ, ಸಂಶೋಧನೆ, ಮೇಷ್ಟ್ರುಗಳ ನೇಮಕ. ನಮ್ಮಲ್ಲಿ ಈ ಎರಡೂ ಒಬ್ಬರ ತಲೆ ಮೇಲೆ. ಮಹಾರಾಷ್ಟ್ರದ 2016ರ ಕಾಯ್ದೆಯಲ್ಲೂ, ಕರ್ನಾಟಕದ 2000ದ ಕಾಯ್ದೆಯಲ್ಲೂ ಶೈಕ್ಷಣಿಕ ಮುಖ್ಯಸ್ಥರು, ಆಡಳಿತದ ಮುಖ್ಯಸ್ಥರು ಇಬ್ಬರೂ ಕುಲಪತಿಯೇ. ನಮ್ಮ ಭಾಷೆಯಲ್ಲಿ ಹೇಳ್ಬೇಕಂದ್ರೆ ಸಿಇಓ, ಸಿಟಿಓ ಒಬ್ರೇ, ಅದರ ಮೇಲೆ ಪರೀಕ್ಷೆ ಟೈಮಲ್ಲಿ ಆನ್‌ಕಾಲ್ ಕೂಡ.

ತೂಗುವ ವಿಶ್ವವಿದ್ಯಾಲಯ

ಆದರೆ ಈ ಹುದ್ದೆ ಶುರುವಾದಾಗ ಹೀಗಿರಲಿಲ್ಲ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ಮೂರೂ ಕಡೆ ವಿಶ್ವವಿದ್ಯಾಲಯ ಹುಟ್ಟಿದವು. ಮಾದರಿ ಲಂಡನ್ ವಿಶ್ವವಿದ್ಯಾಲಯದ್ದು. ಅಂದ್ರೆ ವಿಶ್ವವಿದ್ಯಾಲಯ ಪಾಠ ಮಾಡ್ತಾ ಇರಲಿಲ್ಲ. ಪಾಠ ಕಾಲೇಜುಗಳಲ್ಲಿ ಆಗ್ತಿತ್ತು. ವಿಶ್ವವಿದ್ಯಾಲಯದ ಕೆಲಸ ಸಿಲಬಸ್ ಗೊತ್ತುಮಾಡೋದು, ಪರೀಕ್ಷೆ ನಡೆಸೋದು, ಡಿಗ್ರಿ ಕೊಡೋದು. ಕಾಕಾ ಲೆಕ್ಕದಲ್ಲಿ ಹೇಳೋದಾದ್ರೆ ತೂಗೋ ಕೆಲಸ ಮಾತ್ರ.

ಹಾಗಾದ್ರೆ ಅದರ ತಲೆ ಮೇಲೆ ಯಾರನ್ನ ಕೂರಿಸಿದ್ರು? ಕಲ್ಕತ್ತದಲ್ಲಿ ಸರ್ ಜೇಮ್ಸ್ ಕೋಲ್ವಿಲ್, ಮುಂಬಯಿಯಲ್ಲಿ ಸರ್ ವಿಲಿಯಂ ಯಾರ್ಡ್ಲಿ, ಮದರಾಸಿನಲ್ಲಿ ಸರ್ ಕ್ರಿಸ್ಟಫರ್ ರಾಲಿನ್‌ಸನ್. ಮೂವರೂ ಆಯಾ ಊರಿನ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರು. ಇದು ಕಾಕತಾಳೀಯ ಅಲ್ಲ. ತೂಕದಲ್ಲಿ ಮೋಸ ಆಗಬಾರದು ಅಂದ್ರೆ ತಕ್ಕಡಿ ಹಿಡಿಯೋನು ನಂಬಿಕಸ್ತ ಆಗಿರಬೇಕು, ಅಷ್ಟೇ. ಪ್ರಶ್ನೆಪತ್ರಿಕೆ ಸೋರಬಾರದು, ಕಾಲೇಜುಗಳ ಜಗಳದಲ್ಲಿ ಪಕ್ಷ ವಹಿಸಬಾರದು. ಇದಕ್ಕೆ ಜಡ್ಜ್ ಸಾಕು. ಆಗ ಆ ಹುದ್ದೆಗೆ ಸಂಬಳವೂ ಇರಲಿಲ್ಲ, ಬಿಡುವಿನಲ್ಲಿ ಮಾಡೋ ಗೌರವದ ಕೆಲಸ.

ಮುಂಬಯಿಯಲ್ಲಿ ಈ ಕುರ್ಚಿಗೆ ಬಂದ ಮೊದಲ ಭಾರತೀಯ ಕಾಶಿನಾಥ ತ್ರ್ಯಂಬಕ ತೆಲಂಗ್, 1892ರಲ್ಲಿ. ಅವರೂ ಹೈಕೋರ್ಟ್ ಜಡ್ಜ್. ಅವರ ನಂತರ ಬಂದವರು ರಾಮಕೃಷ್ಣ ಗೋಪಾಲ ಭಂಡಾರ್ಕರ್, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಮೇಷ್ಟ್ರು. ನೀವು ದಿನಾ ಸಿಗ್ನಲ್‌ನಲ್ಲಿ ಕಾಯೋ ಭಂಡಾರ್ಕರ್ ರಸ್ತೆ ಇವರದೇ ಹೆಸರು. ತಕ್ಕಡಿ ಹಿಡಿಯೋ ಜಾಗಕ್ಕೆ ಬೆಳೆ ಗೊತ್ತಿರೋರು ಬರೋಕೆ ಆಗಲೇ ಶುರುವಾಗಿತ್ತು.

ಆಗ ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಲ್ಲಾ ಮುಂಬಯಿ ಪ್ರಾಂತ್ಯದಲ್ಲಿತ್ತು ಅನ್ನೋದು ನೆನಪಿರಲಿ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗೋವರೆಗೆ ಆ ಕಡೆ ಹುಡುಗರು ಡಿಗ್ರಿ ಓದಬೇಕು ಅಂದ್ರೆ ಪುಣೆಗೋ ಮುಂಬಯಿಗೋ ಹೋಗ್ಬೇಕಿತ್ತು. ಕಾಲೇಜು ಬಂದಮೇಲೂ ಡಿಗ್ರಿ ಮಾತ್ರ ಮುಂಬಯಿದೇ. ಪುಣೆಗೆ ಗಂಟು ಕಟ್ಟಿಕೊಂಡು ಬಂದ ಮೊದಲ ಕನ್ನಡಿಗರು ನಾವು ಐಟಿಯವರಲ್ಲ ಬಿಡಿ.

ಬೆಳೆಸುವ ವಿಶ್ವವಿದ್ಯಾಲಯ

1916ನೇ ಇಸವಿ ನೆನಪಿಟ್ಟುಕೊಳ್ಳಿ. ಆ ವರ್ಷ ಪುಣೆಯಲ್ಲಿ ಧೋಂಡೊ ಕೇಶವ ಕರ್ವೆ ಹೆಣ್ಣುಮಕ್ಕಳ ವಿಶ್ವವಿದ್ಯಾಲಯ ಶುರುಮಾಡಿದ್ರು, ಈಗಿನ ಎಸ್‌ಎನ್‌ಡಿಟಿ. ಅದೇ ವರ್ಷ ಜುಲೈ 27ಕ್ಕೆ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಅಲ್ಲಿವರೆಗೆ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದರಾಸಿನ ತಕ್ಕಡಿಗೆ ಹೋಗ್ತಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ವಿಶ್ವೇಶ್ವರಯ್ಯ ಆಗ ದಿವಾನರು.

ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಇವರೂ ನ್ಯಾಯಾಧೀಶರೇ. ಆದರೆ ಬರೀ ನ್ಯಾಯಾಧೀಶರಲ್ಲ. 1915ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊಟ್ಟಮೊದಲ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, ಮೈಸೂರು ಸೀಮೆಯ ಜಾತಿ ಬುಡಕಟ್ಟುಗಳ ಬಗ್ಗೆ ದೊಡ್ಡ ಅಧ್ಯಯನ ಮಾಡಿದವರು. ಹೊಸ ಸಂಸ್ಥೆ ಕಟ್ಟೋಕೆ ಸರ್ಕಾರ ಗೊತ್ತಿರೋರು, ಊರು ಗೊತ್ತಿರೋರು ಬೇಕಿತ್ತು.

ಅವರ ನಂತರ ಬಂದವರು ಬ್ರಜೇಂದ್ರನಾಥ ಸೀಲ್, ಕಲ್ಕತ್ತದ ತತ್ವಶಾಸ್ತ್ರದ ಪ್ರೊಫೆಸರ್. 1930ರವರೆಗೆ ಮೈಸೂರಿನಲ್ಲಿದ್ರು. ಇಲ್ಲಿ ಒಂದು ಚೆಂದದ ಅದಲುಬದಲು ನಡೀತು. ಸೀಲ್ ಬಿಟ್ಟುಬಂದ ಕಲ್ಕತ್ತದ ಐದನೇ ಜಾರ್ಜ್ ಪೀಠಕ್ಕೆ 1921ರಲ್ಲಿ ಹೋದವರು ಯಾರು ಗೊತ್ತಾ? ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡ್ತಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್. ಅವರನ್ನ ಕಲ್ಕತ್ತಕ್ಕೆ ಕರೆಸಿಕೊಂಡವರು ಅಶುತೋಷ್ ಮುಖರ್ಜಿ. ಅಶುತೋಷ್ ಕೂಡ ಹೈಕೋರ್ಟ್ ಜಡ್ಜ್, ಜೊತೆಗೆ ಗಣಿತಜ್ಞ. ಸರ್ಕಾರಿ ನೌಕರಿಯಲ್ಲಿದ್ದ ಸಿ.ವಿ. ರಾಮನ್ ಅವರನ್ನ ಪ್ರೊಫೆಸರ್ ಮಾಡಿ ಕೂರಿಸಿದವರೂ ಅವರೇ.

ಇಲ್ಲಿಗೆ ಕುಲಪತಿ ಕೆಲಸ ಬದಲಾಗಿಹೋಯ್ತು. ತೂಗೋದರ ಜೊತೆಗೆ ಬೀಜ ಹುಡುಕೋದು ಬಂತು. ಯಾರನ್ನ ಕರೆತರಬೇಕು, ಯಾವ ವಿಭಾಗ ತೆರೆಯಬೇಕು, ಯಾರಿಗೆ ಹತ್ತು ವರ್ಷ ಸುಮ್ಮನೆ ಕೆಲಸ ಮಾಡೋಕೆ ಬಿಡಬೇಕು ಅನ್ನೋ ತೀರ್ಮಾನಗಳು ಬಂದವು. ನಂಬಿಕಸ್ತ ಆಗಿದ್ರೆ ಸಾಲದು, ವಿದ್ಯೆಯ ಬೆಲೆ ಗೊತ್ತಿರಬೇಕು.

ಪುಣೆ, ಧಾರವಾಡ ಮತ್ತು ಇಬ್ಬರು ರ್‍ಯಾಂಗ್ಲರ್‌ಗಳು

ಸ್ವಾತಂತ್ರ್ಯ ಬಂದ ಕೂಡಲೇ ಮುಂಬಯಿ ವಿಶ್ವವಿದ್ಯಾಲಯದ ಭಾರ ಹಂಚೋ ಕೆಲಸ ಶುರುವಾಯ್ತು. 1948ರಲ್ಲಿ ಪುಣೆ ವಿಶ್ವವಿದ್ಯಾಲಯದ ಕಾಯ್ದೆ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಾಯ್ದೆ. ಎರಡೂ ಒಂದೇ ತಾಯಿ ಮಕ್ಕಳು. ಧಾರವಾಡದ ವಿಶ್ವವಿದ್ಯಾಲಯದ ಕಚೇರಿ ಮೊದಲು ಇದ್ದಿದ್ದೇ ಮುಂಬಯಿಯಲ್ಲಿ, 1950ರಲ್ಲಿ ಧಾರವಾಡಕ್ಕೆ ಬಂತು.

ಪುಣೆಯ ಮೊದಲ ಕುಲಪತಿ ಎಂ.ಆರ್. ಜಯಕರ್, ಬ್ಯಾರಿಸ್ಟರ್, ಫೆಡರಲ್ ಕೋರ್ಟಿನ ಜಡ್ಜ್ ಆಗಿದ್ದವರು. ನೋಡಿ, ಹೊಸ ಸಂಸ್ಥೆ ಅಂದ ಕೂಡಲೇ ಮತ್ತೆ ಕಾನೂನಿನವರು. ಎರಡನೆಯವರು ಆರ್.ಪಿ. ಪರಾಂಜಪೆ, 1956ರಿಂದ. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದವರಿಗೆ ರ್‍ಯಾಂಗ್ಲರ್ ಅಂತಾರೆ, ಎಲ್ಲರಿಗಿಂತ ಮೊದಲು ಬಂದವರು ಸೀನಿಯರ್ ರ್‍ಯಾಂಗ್ಲರ್. 1899ರಲ್ಲಿ ಪರಾಂಜಪೆ ಆ ಸ್ಥಾನವನ್ನ ಇನ್ನೊಬ್ಬರ ಜೊತೆ ಹಂಚಿಕೊಂಡ್ರು, ಭಾರತೀಯರಲ್ಲಿ ಮೊದಲಿಗರು. ವಾಪಸ್ ಬಂದು ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಮಾಡಿದ್ರು, ಪ್ರಿನ್ಸಿಪಾಲ್ ಆದ್ರು, ಮುಂಬಯಿ ಸರ್ಕಾರದಲ್ಲಿ ಶಿಕ್ಷಣ ಮಂತ್ರಿ ಆದ್ರು, ಲಖ್ನೋದಲ್ಲಿ ಕುಲಪತಿ ಆದ್ರು, ಕೊನೆಗೆ ಪುಣೆಗೆ ಬಂದ್ರು.

ಅದೇ 1899ರಲ್ಲಿ ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿದವರು ಡಿ.ಸಿ. ಪಾವಟೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ ಅವರೂ ರ್‍ಯಾಂಗ್ಲರ್ ಆದ್ರು. ಬನಾರಸ್‌ನಲ್ಲಿ ಗಣಿತ ಕಲಿಸಿದ್ರು. ಆಮೇಲೆ ಮುಂಬಯಿ ಸರ್ಕಾರದ ಶಿಕ್ಷಣ ಇಲಾಖೆ ಸೇರಿ ಅದರ ನಿರ್ದೇಶಕರಾದ್ರು. ಆ ಇಲಾಖೆಯ ಮುಖ್ಯ ಕಚೇರಿ ಇದ್ದಿದ್ದು ಇದೇ ಪುಣೆಯಲ್ಲಿ. ಅಂದ್ರೆ ಧಾರವಾಡ ಕಟ್ಟೋಕೆ ಹೋದ ಮನುಷ್ಯ ಆಡಳಿತದ ಕಷ್ಟಸುಖ ಕಲಿತಿದ್ದು ಪುಣೆಯ ಕಡತಗಳಲ್ಲಿ.

1954ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಹೋದ್ರು. 1967ರವರೆಗೆ ಇದ್ರು, 13 ವರ್ಷ. ಹೋದಾಗ ಅದು ಇನ್ನೂ ಐದು ವರ್ಷದ ಕೂಸು. ಎರಡೇ ವರ್ಷಕ್ಕೆ, 1956ರಲ್ಲಿ, ರಾಜ್ಯಗಳು ಹೊಸದಾಗಿ ಹಂಚಿಕೆಯಾದವು. ಬೀದರ, ಕಲಬುರಗಿ, ರಾಯಚೂರಿನ ಕಾಲೇಜುಗಳೂ ಧಾರವಾಡದ ಕೈಕೆಳಗೆ ಬಂದವು. ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ಬಂದಿದ್ದು 1980ರಲ್ಲಿ. ಅಲ್ಲಿವರೆಗೆ ಬೀದರದಿಂದ ಕಾರವಾರದವರೆಗೆ ಎಲ್ಲರ ಡಿಗ್ರಿಗೂ ಧಾರವಾಡದ ಸಹಿ. ಮುಂಬಯಿ ಪದ್ಧತಿಯಲ್ಲಿ ಓದಿದವರು, ನಿಜಾಮರ ಸೀಮೆಯಿಂದ ಬಂದವರು, ಎಲ್ಲರನ್ನೂ ಒಂದೇ ತಕ್ಕಡಿಗೆ ತರಬೇಕು. ಅದೇ ಹೊತ್ತಿಗೆ ಊರಾಚೆ ಗುಡ್ಡದ ಮೇಲೆ ಕ್ಯಾಂಪಸ್ ಎಬ್ಬಿಸಬೇಕು, ಸ್ನಾತಕೋತ್ತರ ವಿಭಾಗಗಳಿಗೆ ಪ್ರೊಫೆಸರ್‌ಗಳನ್ನ ಹುಡುಕಬೇಕು. ಇವತ್ತು ಧಾರವಾಡಕ್ಕೆ ಹೋದ್ರೆ ಆ ಗುಡ್ಡದ ಮೇಲಿನ ಕಟ್ಟಡ ನೋಡಿಬನ್ನಿ. ಕೆಲಸ ಏನು ಅನ್ನೋದಕ್ಕೆ ಅದೇ ಉತ್ತರ.

ಪುಣೆಯ ಇನ್ನೊಬ್ಬರ ಹೆಸರು ಹೇಳದೆ ಮಾರ್ಕೆಟ್ ಯಾರ್ಡ್‌ನಿಂದ ಮಾತಾಡೋದು ಸರಿಯಲ್ಲ: ಧನಂಜಯರಾವ್ ಗಾಡ್ಗೀಳ್. ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ. ವಿಠ್ಠಲರಾವ್ ವಿಖೆ ಪಾಟೀಲರ ಜೊತೆ ನಿಂತು ಪ್ರವರಾದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದವರು, ಅದರ ಮೊದಲ ಅಧ್ಯಕ್ಷರು. ಅವರು 1966ರಲ್ಲಿ ಪುಣೆಯ ಕುಲಪತಿ ಆದ್ರು, ಮರುವರ್ಷವೇ ಯೋಜನಾ ಆಯೋಗಕ್ಕೆ ಹೋದ್ರು. ಈ ಹೆಸರು ಹೇಳಿದಾಗ ಕಾಕಾ ತಲೆ ಆಡಿಸಿದ್ರು. ಕಬ್ಬಿನ ಲೆಕ್ಕ ಗೊತ್ತಿದ್ದವರು ಆ ಕುರ್ಚಿಯಲ್ಲಿ ಕೂತಿದ್ರು ಅನ್ನೋದು ಅವರಿಗೆ ಹಿಡಿಸ್ತು.

ಕುವೆಂಪು ಆ ಕುರ್ಚಿಯಲ್ಲಿ

ಪುಣೆಗೆ ಪರಾಂಜಪೆ ಬಂದ ಅದೇ 1956ರಲ್ಲಿ ಮೈಸೂರಿಗೆ ಕುವೆಂಪು ಕುಲಪತಿ ಆದ್ರು. ಅದೇ ವಿಶ್ವವಿದ್ಯಾಲಯದಲ್ಲಿ ಓದಿ ಅದರ ಕುಲಪತಿ ಆದ ಮೊದಲಿಗರು ಅವರೇ. 1929ರಲ್ಲಿ ಅಧ್ಯಾಪಕರಾಗಿ ಸೇರಿದವರು, 1946ರಲ್ಲಿ ಪ್ರೊಫೆಸರ್, 1955ರಲ್ಲಿ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲ್, ಮರುವರ್ಷ ಕುಲಪತಿ. 1960ರಲ್ಲಿ ನಿವೃತ್ತಿ. ನಾಲ್ಕೇ ವರ್ಷ. ಅಷ್ಟರಲ್ಲಿ ‘ಮಾನಸಗಂಗೋತ್ರಿ’ ಅನ್ನೋ ಸ್ನಾತಕೋತ್ತರ ಕ್ಯಾಂಪಸ್ಸು ಮತ್ತು ಅದರ ಹೆಸರು ಎರಡನ್ನೂ ಕೊಟ್ಟುಹೋದ್ರು. ಕನ್ನಡದಲ್ಲೂ ದೊಡ್ಡ ವಿದ್ಯೆ ಕಲಿಸಬಹುದು ಅನ್ನೋ ಅವರ ಹಠ ಗೊತ್ತೇ ಇದೆ. ಕವಿ ಆಡಳಿತ ಮಾಡ್ತಾರಾ ಅಂತ ಅನುಮಾನ ಬರೋದು ಸಹಜ. ಆದರೆ ಅವರು ಆ ಮನೆಯೊಳಗೇ 27 ವರ್ಷ ಕೆಲಸ ಮಾಡಿದ್ರು, ಅದಕ್ಕೂ ಮೊದಲು ಅಲ್ಲೇ ವಿದ್ಯಾರ್ಥಿ. ಯಾವ ಬಾಗಿಲು ಎಲ್ಲಿದೆ ಅಂತ ಹುಡುಕಬೇಕಾಗಿರಲಿಲ್ಲ.

ಆಮೇಲೆ 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಚ್. ನರಸಿಂಹಯ್ಯ. ಭೌತಶಾಸ್ತ್ರದವರು, ಅಮೆರಿಕದಲ್ಲಿ ಪಿಎಚ್.ಡಿ. ಮಾಡಿದವರು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನಲ್ಲೇ ಬದುಕಿದವರು. ಪವಾಡಗಳನ್ನ ಪರೀಕ್ಷೆ ಮಾಡೋಕೆ 1976ರಲ್ಲಿ ವಿಶ್ವವಿದ್ಯಾಲಯದಿಂದಲೇ ಒಂದು ಸಮಿತಿ ಮಾಡಿದ್ರು. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿ ಚಂದ್ರಶೇಖರ ಕಂಬಾರ, ನಾಟಕಕಾರರು, ಪ್ರೊಫೆಸರ್. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಆಯಾ ವಿಶ್ವವಿದ್ಯಾಲಯಕ್ಕೆ ಆ ಹೊತ್ತಿನಲ್ಲಿ ಏನು ಬೇಕಿತ್ತೋ ಅದು ಅವರ ಹತ್ರ ಇತ್ತು.

ಇವತ್ತಿನ ಜಾಬ್ ಡಿಸ್ಕ್ರಿಪ್ಷನ್

ಈಗ ನಿಯಮಕ್ಕೆ ಬರೋಣ. 1948-49ರ ರಾಧಾಕೃಷ್ಣನ್ ಆಯೋಗ ಕುಲಪತಿ ಪೂರ್ಣಾವಧಿ, ಸಂಬಳದ ಹುದ್ದೆ ಆಗಬೇಕು ಅಂತು. 1964-66ರ ಕೊಠಾರಿ ಆಯೋಗ ಇನ್ನೂ ಬಿಡಿಸಿ ಹೇಳ್ತು: ಹೆಸರಾಂತ ಶಿಕ್ಷಣತಜ್ಞರೋ ವಿದ್ವಾಂಸರೋ ಆಗಿರಬೇಕು, ಆಡಳಿತದ ಅನುಭವ ಇರಬೇಕು, ಬೇರೆ ಕ್ಷೇತ್ರದಿಂದ ನಿವೃತ್ತರಾದವರನ್ನ ತಂದು ಕೂರಿಸೋದು ಸಾಮಾನ್ಯವಾಗಿ ಒಳ್ಳೇದಲ್ಲ. ನಿವೃತ್ತ ಜಡ್ಜ್‌ಗಳ ಕಾಲ ಅಲ್ಲಿಗೆ ಮುಗಿಯೋಕೆ ಶುರುವಾಯ್ತು.

ಯುಜಿಸಿ 2010ರಲ್ಲಿ, ಮತ್ತೆ 2018ರಲ್ಲಿ ಮಾಡಿದ ನಿಯಮ ಹೀಗಿದೆ: ಹೆಸರಾಂತ ಶೈಕ್ಷಣಿಕ ವ್ಯಕ್ತಿ, ವಿಶ್ವವಿದ್ಯಾಲಯದಲ್ಲಿ ಕನಿಷ್ಠ 10 ವರ್ಷ ಪ್ರೊಫೆಸರ್ ಆಗಿರಬೇಕು, ಇಲ್ಲಾ ಹೆಸರಿರೋ ಸಂಶೋಧನೆ ಅಥವಾ ಶೈಕ್ಷಣಿಕ ಆಡಳಿತದ ಸಂಸ್ಥೆಯಲ್ಲಿ ಅಷ್ಟೇ ಅನುಭವ ಇರಬೇಕು. ಒಂದು ಶೋಧನಾ ಸಮಿತಿ ಮೂರರಿಂದ ಐದು ಹೆಸರು ಕೊಡುತ್ತೆ, ಅದರಲ್ಲಿ ಒಬ್ಬರನ್ನ ಕುಲಾಧಿಪತಿ ನೇಮಿಸ್ತಾರೆ. ಕರ್ನಾಟಕದಲ್ಲಿ ಅವಧಿ 4 ವರ್ಷ, ಮಹಾರಾಷ್ಟ್ರದಲ್ಲಿ 5. ಇದು ಬರೀ ಸಲಹೆ ಅಲ್ಲ. ಯುಜಿಸಿ ನಿಯಮ ಮೀರಿದ ಕುಲಪತಿ ನೇಮಕಗಳನ್ನ 2022ರಲ್ಲಿ ಗುಜರಾತ್, ಕೇರಳದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. 2025ರ ಜನವರಿಯಲ್ಲಿ ಬಂದ ಯುಜಿಸಿ ಕರಡು, ಉದ್ಯಮ ಮತ್ತು ಸಾರ್ವಜನಿಕ ಆಡಳಿತದ ಹಿರಿಯರಿಗೂ ಬಾಗಿಲು ತೆರೆಯೋ ಪ್ರಸ್ತಾಪ ಇಟ್ಟಿತು. ಅಂದ್ರೆ ನಮ್ಮ ಕಂಪನಿಗಳ ದೊಡ್ಡವರಿಗೂ. ನಿಮ್ಮ ಡೆಲಿವರಿ ಹೆಡ್ ಕುಲಪತಿ ಆಗೋದನ್ನ ಒಂದ್ಸಲ ಊಹಿಸಿಕೊಳ್ಳಿ.

ಈಗ ಎಚ್‌ಆರ್ ಹಾಗೆ ಹಳೇ ಕುಲಪತಿಗಳ ರೆಸ್ಯೂಮೆ ಸ್ಕ್ರೀನ್ ಮಾಡಿನೋಡೋಣ. ನಂಜುಂಡಯ್ಯ: ಪ್ರೊಫೆಸರ್ ಆಗಿದ್ದವರಲ್ಲ, ರಿಜೆಕ್ಟ್. ಜಯಕರ್: ರಿಜೆಕ್ಟ್. ಸೀಲ್: ಪಾಸ್. ಪಾವಟೆ: ‘ಶೈಕ್ಷಣಿಕ ಆಡಳಿತ’ ಅನ್ನೋ ಪದದ ಪುಣ್ಯದಿಂದ ಪಾಸ್ ಆಗಬಹುದು. ಕುವೆಂಪು: 1946ರಿಂದ 1956, ಎಣಿಸಿ ನೋಡಿ, ಸರಿಯಾಗಿ 10 ವರ್ಷ. ಅಂಚಿನಲ್ಲಿ ಪಾಸ್. ಆದರೆ ಅವರಿಗೆ ಪಿಎಚ್.ಡಿ. ಇರಲಿಲ್ಲ, ಇವತ್ತಾಗಿದ್ರೆ ಪ್ರೊಫೆಸರ್ ಹುದ್ದೆ ಹತ್ರವೇ ಫೈಲ್ ನಿಲ್ತಿತ್ತು.

ಹಾಗಂತ ನಿಯಮ ತಪ್ಪು ಅಂತ ನಾನು ಹೇಳಲ್ಲ. ನಿಯಮ ಇಲ್ಲದಿದ್ರೆ ಯಾರ್ಯಾರನ್ನ ಕೂರಿಸ್ತಾರೆ ಅಂತ ನಿಮಗೂ ಗೊತ್ತು. ನಾನು ಟೆಸ್ಟಿಂಗ್‌ನವನು, ಚೆಕ್‌ಲಿಸ್ಟ್ ಬೆಲೆ ಗೊತ್ತು. ಆದರೆ ಚೆಕ್‌ಲಿಸ್ಟ್ ಪಾಸ್ ಆದ ಮಾತ್ರಕ್ಕೆ ಸಾಫ್ಟ್‌ವೇರ್ ಕೆಲಸಕ್ಕೆ ಬರುತ್ತೆ ಅಂತ ಅಲ್ಲ. ಹತ್ತು ವರ್ಷ ಅನ್ನೋದು ಕುರ್ಚಿಯಲ್ಲಿ ಕೂತ ಕಾಲವನ್ನ ಎಣಿಸುತ್ತೆ. ಆ ಹತ್ತು ವರ್ಷದಲ್ಲಿ ಯಾರನ್ನ ಬೆಳೆಸಿದ್ರು ಅನ್ನೋದನ್ನ ಶೋಧನಾ ಸಮಿತಿಯೇ ಕೂತು ನೋಡಬೇಕು. ಈ ವಿಶ್ವವಿದ್ಯಾಲಯಕ್ಕೆ ಇವತ್ತು ಏನು ಬೇಕು ಅನ್ನೋ ಪ್ರಶ್ನೆಯಿಂದ ಶುರುಮಾಡಬೇಕು, ಅರ್ಜಿಗಳ ರಾಶಿಯಿಂದ ಅಲ್ಲ.

ಕುರ್ಚಿ ಖಾಲಿ ಇದ್ರೆ

ಈಗ ಕಾಕಾ ಮಗಳ ವಿಷಯ. ಕುಲಪತಿ ಅವಧಿ ಮುಗಿದು ಹೊಸಬರು ಬರದಿದ್ರೆ ಸಾಮಾನ್ಯವಾಗಿ ಒಬ್ಬ ಹಿರಿಯ ಡೀನ್ ‘ಪ್ರಭಾರ ಕುಲಪತಿ’ ಆಗ್ತಾರೆ. ಸಂಬಳದ ಬಿಲ್ಲು ಸಾಗುತ್ತೆ, ಪರೀಕ್ಷೆ ನಡೆಯುತ್ತೆ. ತೂಗೋ ಕೆಲಸ ನಿಲ್ಲಲ್ಲ. ನಿಲ್ಲೋದು ಬೆಳೆಸೋ ಕೆಲಸ. ಹೊಸ ನೇಮಕ, ಹೊಸ ವಿಭಾಗ, ದೊಡ್ಡ ತೀರ್ಮಾನ ಎಲ್ಲಾ ‘ಖಾಯಂನವರು ಬರಲಿ’ ಅಂತ ಕಪಾಟಿಗೆ ಹೋಗುತ್ತೆ. ಘಟಿಕೋತ್ಸವದ ದಿನಾಂಕ ಕೂಡ. ಆ ಶೋಧನಾ ಸಮಿತಿ ಮಾಡೋದು ಯಾರು, ಹೆಸರು ಆರಿಸೋದು ಯಾರು ಅಂತ ರಾಜಭವನಕ್ಕೂ ಸರ್ಕಾರಕ್ಕೂ ಹಗ್ಗಜಗ್ಗಾಟ ನಡೆದ್ರೆ ತಿಂಗಳುಗಟ್ಟಲೆ ಹೀಗೇ. ಮೇಲಿನವರಿಗೆ ಅದು ಅಧಿಕಾರದ ಪ್ರಶ್ನೆ. ಕೆಳಗೆ ಒಬ್ಬಳು ಹುಡುಗಿಗೆ ಒಂದು ಕಾಗದದ ಪ್ರಶ್ನೆ.

ಅದು ಯಾವ ವಿಶ್ವವಿದ್ಯಾಲಯ, ಯಾವ ರಾಜ್ಯದ್ದು ಅಂತ ನಾನು ಹೇಳಲ್ಲ. ಕಾಕಾ ಅಲ್ಲೇ ಮಗಳಿಗೆ ಫೋನ್ ಹಚ್ಚಿ ಕೊಟ್ರು. “ಅಣ್ಣಾ, ಒಂದು ಕಾಲೇಜಿನಲ್ಲಿ ಸೆಲೆಕ್ಟ್ ಆಗಿದೀನಿ. ದಾಖಲೆ ಪರಿಶೀಲನೆಗೆ ಮೂಲ ಡಿಗ್ರಿ ಸರ್ಟಿಫಿಕೇಟ್ ಕೇಳ್ತಿದ್ದಾರೆ” ಅಂದಳು. ಪರೀಕ್ಷಾ ವಿಭಾಗದಲ್ಲಿ ಪ್ರಾವಿಷನಲ್ ಸರ್ಟಿಫಿಕೇಟ್ ಕೇಳಮ್ಮ, ಘಟಿಕೋತ್ಸವ ಆಗಿಲ್ಲ ಅಂತ ಒಂದು ಪತ್ರ ಕೂಡ ಬರೆಸಿಕೋ ಅಂದೆ. “ಎರಡೂ ಕೊಟ್ಟಿದೀನಿ ಅಣ್ಣಾ. ಜನವರಿವರೆಗೆ ಟೈಮ್ ಕೊಟ್ಟಿದ್ದಾರೆ.” ನನಗಿಂತ ಅವಳಿಗೇ ಜಾಸ್ತಿ ಗೊತ್ತಿತ್ತು. ಅಂಥವಳ ಕೆಲಸ ಒಂದು ಸಹಿಗೋಸ್ಕರ ಜನವರಿ ಎಣಿಸ್ತಾ ಕೂತಿದೆ.

ಫೋನ್ ಇಟ್ಟಮೇಲೆ ಕಾಕಾಗೆ ಹೇಳಿದೆ: “ಕಾಕಾ, ಮೊದಲು ಅವರು ತೂಗೋರು. ಆಮೇಲೆ ಬೆಳೆಸೋರು ಆದ್ರು. ಈಗ ಎರಡೂ ಅವರದೇ.”

ಕಾಕಾ ಚಹಾದ ಲೋಟ ಇಟ್ಟು ಎದ್ರು. “ಎರಡೂ ಒಬ್ರ ಮಾಡೂದು ಅಂದ್ರ ಭಾಳ ದೊಡ್ಡ ಮನಷಾ ಬೇಕ ಬಿಡ್ರಿ. ಅಂಥಾವ್ರನ್ನ ಹುಡುಕ್ಲಿಕ್ಕ ಟೈಮ್ ಹಿಡಿತೈತಿ ಅಂದ್ರ ತಿಳೀತೈತಿ. ಆದ್ರ ಹಳಬ್ರು ಹೋಗೂ ದಿನ ಯಾವ್ದಂತ ಮೊದ್ಲ ಗೊತ್ತಿರ್ತದಲ್ರೀ? ಇಲ್ಲಿ ನಾಳಿ ಲಾರಿ ಬರ್ತೈತಿ ಅಂದ್ರ ನಾವು ಇವತ್ತ ಜಾಗಾ ಖಾಲಿ ಮಾಡಿ ಇಡ್ತೀವಿ.”

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅವರು ಇನ್ನೊಂದು ಲಾರಿ ಕಡೆ ಹೋದ್ರು.

ನಿಮಗೆಲ್ಲಾ ಒಂದು ಸಣ್ಣ ಕೆಲಸ ಕೊಡ್ತೀನಿ. ಇವತ್ತು ಮನೆಗೆ ಹೋಗಿ ನಿಮ್ಮ ಡಿಗ್ರಿ ಸರ್ಟಿಫಿಕೇಟ್ ತೆಗೆದು ನೋಡಿ. ಕೆಳಗೆ ಸಹಿ ಯಾರದು? ಅವರು ಯಾವ ವಿಷಯದವರು, ನೀವು ಓದ್ತಿದ್ದಾಗ ಅವರು ಅಲ್ಲಿ ಏನು ಕಟ್ಟಿದ್ರು? ಗೊತ್ತಾದ್ರೆ ನನಗೂ ಬರೆದು ಕಳಿಸಿ. ನಾನೂ ನೋಡಿದೆ. ಆ ಸಹಿಯ ಮೇಲೇ ಲ್ಯಾಮಿನೇಷನ್‌ನ ಗುಳ್ಳೆ ಎದ್ದಿದೆ, ಹೆಸರು ಓದೋಕಾಗ್ತಿಲ್ಲ. ಹುಡುಕ್ತಿದ್ದೀನಿ. ಜನವರಿಯಲ್ಲಿ ಕಾಕಾ ಮಗಳ ಸುದ್ದಿ ತಗೊಂಡು ಮತ್ತೆ ಸಿಗೋಣ.